ಸುಜು ತೊಳೆದ ಕೆಸುವಿನ ಗೆಡ್ಡೆ

"ಅಕ್ಕಾ, ಜಾರ್ತಿದೆ," ಎಂದ ಗೆಂಟಾ.

"ಜಾರಿದ್ರೆ ಟಬ್ಬಿನ ಅಂಚು ಹಿಡ್ಕೋ. ತುಳಿಯೋದು ಮಾತ್ರ ನಿಲ್ಲಿಸ್ಬೇಡ."

ಐದು ವರ್ಷದ ಗೆಂಟಾ ರಬ್ಬರ್ ಬೂಟು ಹಾಕಿಕೊಂಡು, ದೊಡ್ಡ ಪ್ಲಾಸ್ಟಿಕ್ ಟಬ್ಬಿನಲ್ಲಿ ನಿಂತು ಕೆಸುವಿನ ಗೆಡ್ಡೆಗಳನ್ನು ತುಳಿಯುತ್ತಿದ್ದ. ಒಂದಕ್ಕೊಂದು ಉಜ್ಜಿ ಗೆಡ್ಡೆಗಳ ಮೈಮೇಲಿನ ಮಣ್ಣು ಬಿಡುತ್ತಿತ್ತು. ನೀರು ಕಾಫಿಯ ಬಣ್ಣಕ್ಕೆ ತಿರುಗಿತ್ತು. ಅಕ್ಕ ಸುಜು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಅವನು ತುಳಿದು ಬಿಟ್ಟ ಗೆಡ್ಡೆಗಳನ್ನು ಒಂದೊಂದಾಗಿ ತೆಗೆದು ಬ್ರಷ್ಷಿನಿಂದ ತಿಕ್ಕುತ್ತಿದ್ದಳು. ಗೆಡ್ಡೆಯ ಕಂದು ಕೂದಲೆಲ್ಲ ಉದುರಿ, ಒಳಗಿನ ಬಿಳುಪು ಇಣುಕುವವರೆಗೂ ತಿಕ್ಕಿದಳು.

ನವೆಂಬರ್ ತಿಂಗಳ ಶನಿವಾರ ಬೆಳಿಗ್ಗೆ. ನೀರು ಹಿಮದಷ್ಟು ತಣ್ಣಗಿತ್ತು. ಸುಜುವಿನ ಬೆರಳುಗಳು ಕೆಂಪಗಾಗಿದ್ದವು. ಆದರೂ ಅವಳಿಗೆ ಖುಷಿಯೇ. ಇವತ್ತು ಮಧ್ಯಾಹ್ನ ಓಣಿಯವರೆಲ್ಲ ಬಂದಾಗ, ಪಕ್ಕದ ಮನೆಯ ಹೊನ್ಮಾ ಅಜ್ಜಿ ಕನ್ನಡಕ ಏರಿಸಿ ಎಷ್ಟೇ ಹುಡುಕಿದರೂ ಒಂದು ತಪ್ಪೂ ಸಿಗಬಾರದು.

ಓಣಿಯ ಐದು ಮನೆಯವರು ಹನ್ನೊಂದು ವರ್ಷಗಳಿಂದ ಇಗರಾಶಿ ತಾತನ ಹೊಲದ ತರಕಾರಿಯನ್ನೇ ತರಿಸುತ್ತಿದ್ದರು. ತಾತ ಔಷಧಿ ಹೊಡೆಯುವುದಿಲ್ಲ, ಅಂಗಡಿಗೆ ಹಾಕುವುದಿಲ್ಲ. ಪ್ರತಿ ಶನಿವಾರ ತನ್ನ ಪುಟ್ಟ ಟ್ರಕ್ಕಿನಲ್ಲಿ ಎಲ್ಲ ಬಾಕ್ಸುಗಳನ್ನೂ ತಂದು ಒಂದೇ ಮನೆಯ ಬಾಗಿಲಲ್ಲಿ ಇಳಿಸಿ ಹೋಗುತ್ತಾನೆ. ಆ ವಾರ ಯಾರ ಸರದಿಯೋ ಆ ಮನೆಯಲ್ಲಿ ಎಲ್ಲರೂ ಸೇರಿ, ತೂಗಿ, ಹಂಚಿಕೊಳ್ಳುತ್ತಾರೆ. ಸುಜುವಿನ ಮನೆಯವರು ಸಕಾತಾ ಬಂದರಿನಿಂದ ಅದೇ ಯಾಮಾಗಾತಾ ಪ್ರಾಂತ್ಯದ ಒಳಗಿನ ಈ ಬೆಟ್ಟದೂರಿಗೆ ಬಂದದ್ದು ಏಪ್ರಿಲಿನಲ್ಲಿ. ಅಕ್ಟೋಬರಿನಲ್ಲಿ ಹೊನ್ಮಾ ಅಜ್ಜಿ ಬೇಲಿಯಾಚೆಯಿಂದ ಕೇಳಿದ್ದಳು, ನೀವೂ ಸೇರುತ್ತೀರಾ, ಬೇಕಾದರೆ ಒಂದು ತಿಂಗಳು ನೋಡೋಣ, ಆಮೇಲೆ ನಿಮಗೂ ನಮಗೂ ಒಗ್ಗಿದರೆ ಮುಂದುವರಿಸೋಣ ಎಂದು.

ಆ ಒಂದು ತಿಂಗಳು ಇವತ್ತಿಗೆ ಮುಗಿಯುತ್ತಿತ್ತು. ಇವತ್ತೇ ಅವರ ಮನೆಯ ಮೊದಲ ಸರದಿ.

ಮೊದಲನೆಯ ವಾರದ ಬಾಕ್ಸಿನಲ್ಲಿ ಎರಡು ಕಾಲಿನ ಮೂಲಂಗಿಯೊಂದು ಬಂದಿತ್ತು. ಗೆಂಟಾ ಅದಕ್ಕೆ ತನ್ನ ಕಾಲುಚೀಲ ಹಾಕಿ ಮಲಗಿಸಿದ್ದ. ಎರಡನೆಯ ವಾರ ಕೋಸಿನಲ್ಲಿ ಹಸಿರು ಹುಳ ಸಿಕ್ಕಿತು. ಅದನ್ನು ಅವನು ಬಾಟಲಿಯಲ್ಲಿಟ್ಟು ಸಾಕಿದ. ಮೂರನೆಯ ವಾರ ಬಂದ ಸೇಬುಗಳ ಮೇಲೆ ಕಪ್ಪು ಕಲೆಗಳು. ಹೆದರುತ್ತ ಕಚ್ಚಿದರೆ ಗಲ್ಲದವರೆಗೂ ರಸ ಇಳಿಯಿತು. ಬಾಕ್ಸಿನಲ್ಲಿ ಬರುವ ಎಷ್ಟೋ ಸೊಪ್ಪುಗಳು ಅಮ್ಮನಿಗೆ ಗೊತ್ತೇ ಇರಲಿಲ್ಲ. ಅವುಗಳನ್ನು ಹಿಡಿದು ಬೇಲಿಯ ಹತ್ತಿರ ಹೋಗಿ, ಇದನ್ನು ಹೇಗೆ ಮಾಡುವುದು ಎಂದು ಕೇಳುತ್ತಿದ್ದಳು.

ಸುಜುವಿಗೆ ಬೇಕಾಗಿದ್ದದ್ದು ಅದೇ. ಸಕಾತಾದಲ್ಲಿದ್ದಾಗ ಅಮ್ಮನ ಮಾತು ಬೀದಿಯ ಆ ತುದಿಗೆ ಕೇಳುತ್ತಿತ್ತು. ಇಲ್ಲಿಗೆ ಬಂದ ಹೊಸದರಲ್ಲಿ ಅಂಗಡಿಯೊಂದರಲ್ಲಿ ಅಮ್ಮನ ಬಂದರಿನ ಮಾತು ಕೇಳಿ ಯಾರೋ ನಕ್ಕರು. ಅಂದಿನಿಂದ ಅಮ್ಮ ಮಾತನ್ನು ಚಮಚದಲ್ಲಿ ಅಳೆದಂತೆ ಆಡುತ್ತಿದ್ದಳು. ಬಸ್ ಸ್ಟಾಪಿನಲ್ಲಿ ಯಾರಾದರೂ ಸಿಕ್ಕರೆ ಬಾಗಿ ನಮಸ್ಕರಿಸಿ ಸುಮ್ಮನೆ ನಿಲ್ಲುತ್ತಿದ್ದಳು. ಶನಿವಾರ ಮಾತ್ರ ಬೇಲಿಯ ಹತ್ತಿರ ಅಮ್ಮನ ನಗು ಕೇಳುತ್ತಿತ್ತು. ಸ್ವಲ್ಪವೇ, ಅದೂ ಬಾಯಿಗೆ ಕೈ ಅಡ್ಡ ಹಿಡಿದು.

ಅಮ್ಮ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾಳೆ. ಇವತ್ತು ರಜೆ ಕೇಳಿದ್ದಳು, ಸಿಗಲಿಲ್ಲ. ರಾತ್ರಿ ಬಸ್ಸು ಓಡಿಸಿ ಬಂದ ಅಪ್ಪ ಮಹಡಿಯ ಮೇಲೆ ಗೊರಕೆ ಹೊಡೆಯುತ್ತಿದ್ದ. ತಾತ ಬಂದರೆ ಎಲ್ಲಿ ಇಳಿಸಬೇಕೆಂದು ತೋರಿಸು, ಮೇಲೆ ಬಟ್ಟೆ ಹೊದಿಸಿಡು, ಹನ್ನೆರಡೂವರೆಗೆ ಬಂದು ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದು ಅಮ್ಮ ಹೇಳಿ ಹೋಗಿದ್ದಳು.

ತಾತ ಏಳೂವರೆಗೆ ಬಂದ. ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡೇ ಆರು ಬಾಕ್ಸುಗಳನ್ನು ಇಳಿಸಿದ. ಕೊನೆಗೆ ಒಂದು ದೊಡ್ಡ ಗೋಣಿಚೀಲ. ಅದು ಆರು ಮನೆಗೂ ಸೇರಿ ಚಳಿಗಾಲದ ಕೆಸುವಿನ ಗೆಡ್ಡೆ, ಇಪ್ಪತ್ತು ಕೆ.ಜಿ., ತೂಗಿ ಹಂಚಿಕೊಳ್ಳಲಿ ಎಂದ. ಜೇಬಿನಿಂದ ಟೊಮೆಟೊದಂತೆ ದುಂಡಗಿನ, ಕಿತ್ತಳೆ ಬಣ್ಣದ ಒಂದು ಕಾಕಿ ಹಣ್ಣು ತೆಗೆದು, ತೋಳಿಗೆ ಒರೆಸಿ, ಗೆಂಟಾನ ಕೈಗಿಟ್ಟು ಹೊರಟುಹೋದ.

ಸುಜು ಚೀಲದ ಬಾಯಿ ಬಿಚ್ಚಿ ನೋಡಿದಳು. ಒಳಗೆ ಗೆಡ್ಡೆಗಿಂತ ಮಣ್ಣೇ ಹೆಚ್ಚಿದ್ದಂತೆ ಕಂಡಿತು. ಕಪ್ಪು ಮಣ್ಣು, ಹೆಂಟೆ ಹೆಂಟೆಯಾಗಿ ಅಂಟಿಕೊಂಡಿತ್ತು. ಅಮ್ಮ ಎರಡು ದಿನ ಕೂತು ಒರೆಸಿ ಹೊಳೆಯಿಸಿದ್ದ ನೆಲದ ಮೇಲೆ ಇದನ್ನು ಸುರಿಯುವುದೇ? ಸಕಾತಾದಲ್ಲಿ ಅಜ್ಜನ ದೋಣಿ ಬಂದ ಕೂಡಲೆ ಮೀನನ್ನು ಮೂರು ನೀರಿನಲ್ಲಿ ತೊಳೆದೇ ನೆರೆಮನೆಗೆ ಹಂಚುತ್ತಿದ್ದರು. ತೊಳೆಯದೆ ಕೊಟ್ಟರೆ ಮರ್ಯಾದೆ ಹೋದಂತೆ. ಬಂದರಿನ ಮಕ್ಕಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹಾಗೆ ಶುರುವಾಯಿತು ಕೆಲಸ.

ಹತ್ತೂವರೆಯ ಹೊತ್ತಿಗೆ ಇಪ್ಪತ್ತು ಕೆ.ಜಿ. ಗೆಡ್ಡೆಯೂ ಜಗುಲಿಯ ಚಾಪೆಯ ಮೇಲೆ ಸಾಲಾಗಿ ಕೂತಿತ್ತು. ಬೆಳ್ಳಗೆ, ದುಂಡಗೆ, ಸೂಪರ್‌ಮಾರ್ಕೆಟ್ಟಿನಲ್ಲಿ ಇಡುತ್ತಾರಲ್ಲ, ಹಾಗೆ.

"ಮೊಟ್ಟೆ ಥರ ಇದೆ," ಎಂದ ಗೆಂಟಾ, ಮೊಣಕಾಲು ಕೆರೆದುಕೊಳ್ಳುತ್ತ.

ಸುಜುವಿಗೂ ಕೈ ತುರಿಸತೊಡಗಿತ್ತು. ಮೊದಲು ಬೆರಳ ಸಂದಿ, ಆಮೇಲೆ ಮುಂಗೈ, ಆಮೇಲೆ ಮೊಣಕೈವರೆಗೂ. ಪ್ಯಾಂಟಿಗೆ ಉಜ್ಜಿದಳು. ಕಂಬಕ್ಕೆ ಉಜ್ಜಿದಳು. ಕೆಸು ತುರಿಸುತ್ತದೆ ಎಂದು ಗೊತ್ತಿತ್ತು, ಇಷ್ಟೊಂದು ತುರಿಸುತ್ತದೆ ಎಂದು ಗೊತ್ತಿರಲಿಲ್ಲ.

ಒಣಗಲು ಬಿಟ್ಟು ಬಾಕ್ಸುಗಳನ್ನು ಸರಿಯಾಗಿ ಜೋಡಿಸಲು ಹೋದಾಗ ಅವಳ ಕಣ್ಣಿಗೆ ತಾತನ ಚೀಟಿ ಬಿತ್ತು. ಪ್ರತಿ ಬಾಕ್ಸಿನಲ್ಲೂ ತಾತ ಕೈಯಲ್ಲಿ ಬರೆದ ಒಂದು ಚೀಟಿ ಇಡುತ್ತಾನೆ. ಈ ವಾರ ಯಾವ ಹಕ್ಕಿ ಬಂದಿತ್ತು, ಯಾವ ಮಡಿಯಲ್ಲಿ ಹುಳ ಬಿತ್ತು, ಇಂಥವೆಲ್ಲ ಅದರಲ್ಲಿರುತ್ತವೆ. ಸುಜು ಓದುತ್ತ ಹೋದಳು. ಕೊನೆಯ ಸಾಲುಗಳಿಗೆ ಬಂದಾಗ ಅವಳ ಕೆರೆಯುತ್ತಿದ್ದ ಕೈ ನಿಂತಿತು.

'ಗೆಡ್ಡೆಯ ಮಣ್ಣು ಕೊಡವಬೇಡಿ. ಮಣ್ಣಿನ ಸಮೇತ ಪೇಪರಿನಲ್ಲಿ ಸುತ್ತಿಟ್ಟರೆ ಹೊಸ ವರ್ಷ ಕಳೆದರೂ ಕೆಡುವುದಿಲ್ಲ. ತೊಳೆದರೆ ಒಂದೇ ವಾರದಲ್ಲಿ ಕೊಳೆಯುತ್ತದೆ.'

ಇನ್ನೊಮ್ಮೆ ಓದಿದಳು. ಅಕ್ಷರಗಳು ಬದಲಾಗಲಿಲ್ಲ.

"ಏನಾಯ್ತು ಅಕ್ಕಾ?"

"ಏನಿಲ್ಲ," ಎಂದಳು ಸುಜು. ಸ್ವಲ್ಪ ಹೊತ್ತು ಜಗುಲಿಯ ಕಡೆ ನೋಡಿದಳು. ಆಮೇಲೆ ಹಿತ್ತಲಿಗೆ ಹೋಗಿ ಸಲಿಕೆ ತಂದಳು. "ಗೆಂಟಾ, ಬೂಟು ಬಿಚ್ಬೇಡ. ಇನ್ನೂ ಕೆಲಸ ಇದೆ."

ಟಬ್ಬಿನ ಕಪ್ಪು ನೀರನ್ನು ಆಗಲೇ ಚರಂಡಿಗೆ ಚೆಲ್ಲಿಯಾಗಿತ್ತು. ಹಿತ್ತಲಿನಲ್ಲಿದ್ದದ್ದು ಮನೆ ಕಟ್ಟುವಾಗ ತುಂಬಿದ ಹಳದಿ ಮಣ್ಣು. ಅದನ್ನೇ ಅಗೆದು, ನೀರು ಹಾಕಿ, ರೊಟ್ಟಿ ಹಿಟ್ಟಿನಂತೆ ಕಲಸಿದರು. ಒಂದೊಂದು ಗೆಡ್ಡೆಯನ್ನೂ ಅದರಲ್ಲಿ ಹೊರಳಿಸಿ ತೆಗೆದರು. ಬೆಳಿಗ್ಗೆ ಯಾಕೆ ತೊಳೆದದ್ದು, ಈಗ ಯಾಕೆ ಬಳಿಯುವುದು ಎಂದು ಗೆಂಟಾ ಕೇಳಲೇ ಇಲ್ಲ. ಅವನಿಗೆ ಎರಡೂ ಇಷ್ಟವೇ.

ಅಮ್ಮ ಬರುವಷ್ಟರಲ್ಲಿ ಗೆಡ್ಡೆಗಳು ಚೀಲದೊಳಗಿದ್ದವು. ಅಮ್ಮ ಕೋಟು ಬಿಚ್ಚುತ್ತಲೇ ಆರು ಬಾಕ್ಸು ಎಣಿಸಿದಳು, ಚೀಲ ನೋಡಿದಳು, ಏನೂ ಮುಟ್ಟಿಲ್ಲ ತಾನೆ ಎಂದು ಕೇಳಿದಳು. ಸುಜು ಚೀಲವನ್ನು ಒಳಗೆ ಎಳೆದಿಟ್ಟೆವು ಎಂದಷ್ಟೇ ಹೇಳಿದಳು. ಅದು ಸುಳ್ಳಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಅಮ್ಮ ಅವಳ ತಲೆ ಸವರಿ ಟೀಗೆ ನೀರಿಡಲು ಓಡಿದಳು.

ಒಂದು ಗಂಟೆಗೆ ಐದು ಮನೆಯವರೂ ಬಂದರು. ಮುಂದೆ ಹೊನ್ಮಾ ಅಜ್ಜಿ, ಕಂಕುಳಲ್ಲಿ ಹಳೆಯ ಪೇಪರಿನ ಕಟ್ಟು, ಕೈಯಲ್ಲಿ ತಕ್ಕಡಿ. ಹಿಂದೆ ತೋಫು ಅಂಗಡಿಯ ಕುದೊ ಮಾಮ. ಅವನಿಗೆ ಎಲ್ಲದರಲ್ಲೂ ತಮಾಷೆ. ಬಾಗಿಲು ದಾಟುವಾಗಲೇ, ನೆಲ ಇಷ್ಟು ಹೊಳೆಯುತ್ತಿದ್ದರೆ ನನ್ನ ಬೋಳುತಲೆ ಎರಡೆರಡು ಕಾಣುತ್ತದೆ ಎಂದ. ಅಮ್ಮ ಬಾಗಿ ಬಾಗಿ ಎಲ್ಲರನ್ನೂ ಕೂರಿಸಿದಳು.

ಮೂಲಂಗಿ, ಸೊಪ್ಪು, ಸೇಬು, ಎಲ್ಲವೂ ಸರಿಯಾಗಿತ್ತು. ಹೊನ್ಮಾ ಅಜ್ಜಿ ಚೀಲದ ಬಾಯಿ ಬಿಚ್ಚಿದಳು. ಒಂದು ಗೆಡ್ಡೆ ತೆಗೆದಳು. ತಕ್ಕಡಿಗೆ ಹಾಕಲಿಲ್ಲ. ಹೆಬ್ಬೆರಳಿನಿಂದ ಉಜ್ಜಿದಳು. ಹಳದಿ ಮಣ್ಣು ಗೋಡೆಯ ಗಾರೆಯಂತೆ ಹಕ್ಕಳೆ ಎದ್ದು ಬಿತ್ತು. ಮೂಗಿಗೆ ಹಿಡಿದು ನೋಡಿದಳು.

"ಇದು ಇಗರಾಶಿ ಹೊಲದ ಮಣ್ಣಲ್ಲ," ಎಂದಳು.

ಕುದೊ ಮಾಮ ನಕ್ಕ. "ಮಣ್ಣಿನ ಮೇಲೆ ಹೆಸರು ಬರೆದಿರುತ್ತಾ ಅಜ್ಜಿ?"

"ಹನ್ನೊಂದು ವರ್ಷದಿಂದ ಅವನ ಮಣ್ಣನ್ನ ನನ್ನ ಉಗುರಿನಿಂದ ತೆಗೀತಾ ಇದ್ದೀನಿ ಕಣೋ. ಅದು ಕಪ್ಪಗಿರುತ್ತೆ, ಮುಟ್ಟಿದ್ರೆ ಪುಡಿಯಾಗುತ್ತೆ. ಇದು ನೋಡು."

ಗೆಡ್ಡೆ ಕೈಯಿಂದ ಕೈಗೆ ಹೋಯಿತು. ನಗು ನಿಂತಿತು. ಇದರ ಕೂದಲೂ ಇಲ್ಲವಲ್ಲ ಎಂದರು ಒಬ್ಬರು. ತಾತನಿಗೆ ಈ ವರ್ಷ ಸೊಂಟನೋವು, ಅಗೆಯಲಾಗದೆ ಎಲ್ಲಿಂದಲೋ ಕೊಂಡು ತಂದು ಹಾಕಿರಬೇಕು ಎಂದರು ಇನ್ನೊಬ್ಬರು. ಹಾಗೆ ಮಾಡುವ ಮನುಷ್ಯನಲ್ಲ ಎಂದ ಕುದೊ ಮಾಮ. ಆದರೆ ಅವನ ದನಿಯಲ್ಲಿ ಈಗ ತಮಾಷೆ ಇರಲಿಲ್ಲ.

"ಆಗದೇ ಇದ್ರೆ ಆಗಲ್ಲ ಅನ್ನಬೇಕಿತ್ತು," ಎಂದಳು ಹೊನ್ಮಾ ಅಜ್ಜಿ ಮೆಲ್ಲಗೆ. "ನಾವೇ ಹೋಗಿ ಅಗೆದು ಕೊಡ್ತಿದ್ವಿ. ಬೇರೆಯವರದ್ದನ್ನ ತನ್ನದು ಅಂತ ಕೊಡೋದಾ?" ಅವಳು ಕೈಚೀಲದಿಂದ ಫೋನು ತೆಗೆದಳು.

ಅಮ್ಮನ ಮುಖ ಬಿಳುಚಿಕೊಂಡಿತ್ತು. ಬಹುಶಃ ಚೀಲ ಬದಲಾಗಿರಬಹುದೇನೋ ಎಂದು ಅವಳು ಯಾರಿಗೂ ಕೇಳಿಸದಷ್ಟು ಸಣ್ಣಗೆ ಹೇಳಿದಳು.

ಸುಜು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಸುಮ್ಮನಿದ್ದರೆ ಆಯಿತು. ಯಾರೂ ಅಮ್ಮನನ್ನು ಏನೂ ಅನ್ನುವುದಿಲ್ಲ. ಎಲ್ಲ ತಾತನ ಮೇಲೆ ಹೋಗುತ್ತದೆ. ಸೊಂಟ ಹಿಡಿದುಕೊಂಡು ಚೀಲ ಇಳಿಸಿದ ತಾತನ ಮೇಲೆ. ಹೊನ್ಮಾ ಅಜ್ಜಿ ಕನ್ನಡಕ ಸರಿಮಾಡಿಕೊಂಡು ನಂಬರು ಒತ್ತತೊಡಗಿದಳು. ಒಂದು, ಎರಡು, ಮೂರು.

"ಆ ಮಣ್ಣು ನಮ್ಮದು," ಎಂದಳು ಸುಜು.

ಎಲ್ಲರೂ ತಿರುಗಿ ನೋಡಿದರು.

"ನಮ್ಮ ಹಿತ್ತಲದ್ದು. ನಾನೇ ಬಳಿದೆ. ಬೆಳಿಗ್ಗೆ ಎಲ್ಲಾ ಗೆಡ್ಡೆನೂ ತೊಳೆದುಬಿಟ್ಟೆ. ಆಮೇಲೆ ಚೀಟಿ ಓದ್ದೆ. ಅದಕ್ಕೇ ಬಳಿದೆ. ಅಮ್ಮಂಗೆ ಗೊತ್ತಿಲ್ಲ. ತಾತಂದು ಏನೂ ತಪ್ಪಿಲ್ಲ."

"ನಾನೂ ತುಳಿದೆ," ಎಂದ ಗೆಂಟಾ. ಬಿಟ್ಟುಹೋಗಬಾರದೆಂದು ಸೇರಿಸಿದ, "ಬೂಟು ಹಾಕ್ಕೊಂಡು."

ಕುದೊ ಮಾಮನ ಮೂಗಿನಿಂದ ವಿಚಿತ್ರ ಶಬ್ದ ಬಂತು. ಹೊನ್ಮಾ ಅಜ್ಜಿ ಅವನತ್ತ ನೋಡಿದಳು. ಅವನು ಟೀ ಬಟ್ಟಲಿನೊಳಗೆ ಮುಖ ಮುಚ್ಚಿಕೊಂಡ. ಅಮ್ಮ ಮಂಡಿಯೂರಿ, ಹಣೆ ನೆಲಕ್ಕೆ ತಾಗುವಂತೆ ಬಾಗಿ, ಮಕ್ಕಳನ್ನು ಬಿಟ್ಟು ಹೋದ ತಪ್ಪು ತನ್ನದು, ಎಲ್ಲರ ಚಳಿಗಾಲದ ಗೆಡ್ಡೆ ಹಾಳಾಯಿತು, ಇನ್ನು ನಮ್ಮನ್ನು ಸೇರಿಸಿಕೊಳ್ಳಿ ಎಂದು ಕೇಳುವ ಮುಖವೂ ಇಲ್ಲ ಎಂದಳು. ಸುಜುವಿಗೆ ಅಮ್ಮನ ಬಾಗಿದ ಬೆನ್ನು ಮಾತ್ರ ಕಾಣುತ್ತಿತ್ತು. ಕಣ್ಣು ಉರಿಯಿತು.

"ಇಲ್ಲಿ ಬಾ," ಎಂದಳು ಹೊನ್ಮಾ ಅಜ್ಜಿ. "ಕೈ ತೋರಿಸು."

ಸುಜು ಕೈ ಚಾಚಿದಳು. ಮೊಣಕೈವರೆಗೂ ಕೆಂಪು ದದ್ದು.

"ಗ್ಲೌಸ್ ಹಾಕಿರ್ಲಿಲ್ವಾ?"

ಸುಜು ತಲೆ ಅಲ್ಲಾಡಿಸಿದಳು.

"ಇಪ್ಪತ್ತು ಕೆ.ಜಿ. ಬರೀ ಕೈಯಲ್ಲಿ." ಅಜ್ಜಿ ಅಮ್ಮನ ಕಡೆ ತಿರುಗಿ, ಮೊದಲು ಎದ್ದು ವಿನೆಗರ್ ತನ್ನಿ ಎಂದಳು. ಬಂದ ವಿನೆಗರಿಗೆ ನೀರು ಬೆರೆಸಿ, ಬಟ್ಟೆ ಅದ್ದಿ, ಸುಜುವಿನ ಬೆರಳುಗಳ ಸಂದಿಯಲ್ಲೆಲ್ಲ ತಾನೇ ಒತ್ತಿ ಒತ್ತಿ ಒರೆಸಿದಳು. ಒರೆಸುತ್ತಲೇ, ಬೇರೆ ಯಾರಿಗೂ ಹೇಳುತ್ತಿಲ್ಲವೆಂಬಂತೆ ಹೇಳಿದಳು:

"ತೊಳೆದಾಗ ಗೊತ್ತಿರ್ಲಿಲ್ಲ. ಬಳಿದಾಗ ಗೊತ್ತಿತ್ತು, ಅಲ್ವಾ?"

"ಹೂಂ."

ಅಜ್ಜಿ ಉಳಿದ ನಂಬರು ಒತ್ತಿ ಫೋನನ್ನು ಸುಜುವಿನ ಕಿವಿಗೆ ಹಿಡಿದಳು. ನೀನೇ ಹೇಳು ಎಂದಳು.

ಸುಜು ಹೇಳಿದಳು.

"ಎಲ್ಲಾನೂ?" ಎಂದ ತಾತ.

"ಎಲ್ಲಾನೂ."

"ಕೂದಲೂ?"

"ಕೂದಲೂ, ತಾತ. ತಪ್ಪಾಯ್ತು."

ಆಮೇಲೆ ಬಂದದ್ದು ಕೆಮ್ಮೋ ನಗುವೋ ತಿಳಿಯಲಿಲ್ಲ. ತನ್ನ ಹೆಂಡತಿ ನಲವತ್ತು ವರ್ಷದಲ್ಲಿ ಒಂದು ಸಲವೂ ಇಷ್ಟು ಗೆಡ್ಡೆ ತೊಳೆದುಕೊಟ್ಟಿಲ್ಲ ಎಂದ. ಇನ್ನು ಅದನ್ನು ಇಟ್ಟುಕೊಳ್ಳುವುದು ಆಗದ ಮಾತು, ತಿಂದು ಮುಗಿಸಬೇಕು, ನಾಳೆ ಭಾನುವಾರ, ಹೊಳೆ ಅಲ್ಲೇ ಇದೆ, ದೊಡ್ಡ ಹಂಡೆ ನಾನು ತರುತ್ತೇನೆ ಎಂದು ಹೊನ್ಮಾಗೆ ಹೇಳು ಅಂದ.

ಕುದೊ ಮಾಮ ಅಷ್ಟರಲ್ಲೇ ಸೌದೆ ತನ್ನದು ಎಂದಿದ್ದ.

ಮರುದಿನ ಬಿಸಿಲು ಬಿದ್ದಿತ್ತು. ಹೊಳೆಯ ದಂಡೆಯ ಕಲ್ಲುಗಳನ್ನು ಪೇರಿಸಿ ಒಲೆ ಹೂಡಿ, ತಾತ ತಂದ ಹಂಡೆ ಏರಿಸಿದರು. ಓಣಿಯವರಷ್ಟೇ ಅಲ್ಲ, ಯಾರ್ಯಾರ ತಂಗಿ, ಯಾರ್ಯಾರ ಭಾವ, ಎಲ್ಲ ಬಂದರು. ಸುಜುವಿನ ಅಪ್ಪ ನಿದ್ದೆಗಣ್ಣಲ್ಲೇ ನೀರು ಹೊತ್ತ. ಗೆಂಟಾ ಸಿಕ್ಕವರಿಗೆಲ್ಲ ಇದು ನಾನು ತುಳಿದ ಗೆಡ್ಡೆ ಎಂದು ಹೇಳಿಕೊಂಡು ತಿರುಗಿದ. ಅಮ್ಮ ಮಾತ್ರ ಬೆಳಿಗ್ಗೆಯಿಂದ ತಲೆ ಎತ್ತಿರಲಿಲ್ಲ. ಒಂದು ಮೂಲೆಯಲ್ಲಿ ಕೂತು, ಹಳದಿ ಮಣ್ಣು ತೊಳೆದು ಸಿಪ್ಪೆ ತೆಗೆಯುತ್ತಲೇ ಇದ್ದಳು. ಯಾರು ಏನು ಹೇಳಿದರೂ ಹೌದು, ಹಾಗೇ ಆಗಲಿ ಎನ್ನುತ್ತಿದ್ದಳು. ತಿಂಗಳು ಮುಗಿದ ಮಾತನ್ನು ಯಾರೂ ಎತ್ತಿರಲಿಲ್ಲ. ಸುಜುವಿಗೆ ಅದೇ ಭಯ.

ಹಂಡೆ ಕುದಿಯಿತು. ಗೆಡ್ಡೆ ಬೆಂದ ಪರಿಮಳ ಎದ್ದಿತು. ಹೊನ್ಮಾ ಅಜ್ಜಿ ದನದ ಮಾಂಸದ ತುಂಡುಗಳನ್ನು ಹಾಕಿ, ಸೋಯಾ ಸಾಸಿನ ದೊಡ್ಡ ಬಾಟಲಿಯನ್ನು ಎತ್ತಿ ಬಗ್ಗಿಸಿದಳು.

ಅಮ್ಮನ ಚಾಕು ನಿಂತಿತು.

"ಅಯ್ಯೋ, ಅದೆಂಥದು ಸುರೀತಾ ಇದ್ದೀರಿ ಮಾರಾಯ್ರೆ? ಮಿಸೊ ಎಲ್ಲುಂಟು?"

ಬಂದರಿನ ಮಾತು, ಬಂದರಿನ ದನಿ. ಹೊಳೆಯ ಆಚೆ ದಡಕ್ಕೂ ಕೇಳಿರಬೇಕು. ಎಲ್ಲರೂ ಅಮ್ಮನತ್ತ ತಿರುಗಿದರು. ಅಮ್ಮ ಬಾಯಿಗೆ ಕೈ ಒಯ್ದಳು.

ಹೊನ್ಮಾ ಅಜ್ಜಿ ಬಾಟಲಿ ಕೆಳಗಿಟ್ಟಳು. "ಮಿಸೊನಾ? ಕೆಸುವಿನ ಗೆಡ್ಡೆಗೆ?"

ಬೇರೆ ಏನಾದರೂ ಆಗಿದ್ದರೆ ಅಮ್ಮ ಬಾಗಿ ಸುಮ್ಮನಾಗುತ್ತಿದ್ದಳು. ಇದು ಹಂಡೆಯ ವಿಷಯ. ಬಂದರಿನಲ್ಲಿ ಈ ಸಾರಿಗೆ ಸಾಸಲ್ಲ, ಸೋಯಾ ಕಾಳು ಹುದುಗಿಸಿ ಅರೆದ ಮಿಸೊವನ್ನೇ ಹಾಕುತ್ತಿದ್ದರು. "ಮತ್ತೆಂಥ? ಮಿಸೊ ಬೇಕು, ಹಂದಿ ಮಾಂಸ ಬೇಕು. ನಮ್ಮಲ್ಲಿ ಇದನ್ನ ಕೊಟ್ರೆ ಸಾಸಿನ ನೀರು ಅಂತಾರೆ."

"ನಿಮ್ಮಲ್ಲಿ ಮಾಡೋದು ಹಂದಿ ಸಾರು, ತಾಯಿ. ಅದಕ್ಕೆ ಕೆಸುವಿನ ಹೆಸರು ಯಾಕೆ?"

"ತಿಂದು ನೋಡಿದ್ದೀರಾ?"

"ನೋಡೋದು ಬೇರೆ ಕೇಡು."

"ನೋಡದೆ ಮಾತಾಡೋದು ಹೇಗೆ ಮಾರಾಯ್ರೆ?"

ಕುದೊ ಮಾಮ ಎರಡು ಬಟ್ಟಲು ಹಿಡಿದು, ಜಗಳ ಬೇಗ ಮುಗಿಸಿದರೆ ತಿನ್ನಬಹುದಿತ್ತು ಎಂದ. ಇಬ್ಬರೂ ಒಟ್ಟಿಗೇ ಅವನಿಗೆ ಸುಮ್ಮನಿರಲು ಹೇಳಿದರು. ಅಮ್ಮ ಎದ್ದು ನಿಂತಿದ್ದಳು. ಒಂದು ಕೈ ಸೊಂಟದ ಮೇಲೆ, ಇನ್ನೊಂದರಲ್ಲಿ ಅರ್ಧ ಸುಲಿದ ಗೆಡ್ಡೆ.

ಸುಜು ಓಡಿಬಂದು ಅಮ್ಮನ ಬೆನ್ನ ಹಿಂದೆ ನಿಂತಳು. ಅಮ್ಮನ ತೋಳು ಜಗ್ಗಬೇಕು, ಸಾಕು ಸುಮ್ಮನಿರು ಎನ್ನಬೇಕು ಎಂದು ಕೈ ಚಾಚಿದಳು.

"ಈ ಸಲ ನನ್ನ ಸೌಟು, ನನ್ನ ಸಾಸು," ಎನ್ನುತ್ತಿದ್ದಳು ಹೊನ್ಮಾ ಅಜ್ಜಿ. "ಮುಂದಿನ ವರ್ಷ ನೀವು ಇನ್ನೊಂದು ಹಂಡೆ ಇಡಿ. ಆಗ ನೋಡೋಣ, ಯಾವುದು ಮೊದಲು ಖಾಲಿ ಆಗುತ್ತೆ ಅಂತ."

"ಇಡ್ತೇನೆ. ಯಾಕೆ ಇಡಬಾರ್ದು? ನಿಮ್ಮದು ಉಳಿದ್ರೆ ಅಳಬೇಡಿ ಮತ್ತೆ."

ಅಮ್ಮ ಜೋರಾಗಿ ನಕ್ಕಳು. ಬಾಯಿಗೆ ಕೈ ಅಡ್ಡ ಬರಲಿಲ್ಲ.

ಮುಂದಿನ ವರ್ಷ ಎಂದದ್ದನ್ನು ಅವರಿಬ್ಬರೂ ಗಮನಿಸಿದಂತೆ ಕಾಣಲಿಲ್ಲ. ಆಗಲೇ ಉಪ್ಪಿನ ಮೇಲೆ ಜಗಳ ಶುರುವಾಗಿತ್ತು.

ಸುಜು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಒಂದು ಬಟ್ಟಲು ಎತ್ತಿಕೊಂಡು, ಹಂಡೆಯ ಮುಂದಿನ ಸಾಲಿನಲ್ಲಿ ಹೋಗಿ ನಿಂತಳು.